ನಮ್ಮ ಬೇಲಿಯ ಮೇಲಿನ ಸಾಗರ ಪ್ರವಾಹ

ಹಿಮಬಂಡೆ ನಿಗಾ ಕಚೇರಿಯ ಮಾನ್ಯ ಅಧಿಕಾರಿಗಳೇ,

ನಿಮ್ಮ ಹೊಸ ನಕ್ಷೆಯ ಪ್ರಕಾರ ಸಮುದ್ರದ ಪ್ರವಾಹವೊಂದು ಗಂಟೆಗೆ ಏಳು ಮೈಲಿ ವೇಗದಲ್ಲಿ ನಮ್ಮ ಸ್ಕರಿ ಕೊಲ್ಲಿಗೆ ನುಗ್ಗುತ್ತಿದೆ. ಉತ್ತರದ ದಿಬ್ಬಕ್ಕೆ ಸಿಕ್ಕಿಕೊಂಡಿರುವ ಹಿಮಬಂಡೆ ಕಳಚಿಕೊಂಡರೆ ಇಲ್ಲಿಗೇ ಬರುತ್ತದೆಂದು ಹೇಳಿ ನಮ್ಮ ಹನ್ನೊಂದು ಏಡಿ ದೋಣಿಗಳನ್ನು ದಕ್ಷಿಣದ ಕಾಪರ್ ಕೊಲ್ಲಿಗೆ ಅಟ್ಟಿದ್ದೀರಿ. ಅವುಗಳಲ್ಲೊಂದರಲ್ಲಿ ನನ್ನ ತಮ್ಮ ಅಜರಾಯ ಮಲಗುತ್ತಾನೆ.

ಉತ್ತರದ ಲ್ಯಾಬ್ರಡಾರ್ ಕಡೆಯಿಂದ ಇಳಿದುಬರುವ ನೀರು ನನ್ನಜ್ಜನ ಕಾಲದಿಂದಲೂ ದಕ್ಷಿಣಕ್ಕೇ ಹರಿದಿದೆ. ಹಿಮಬಂಡೆಯ ಬಹುಪಾಲು ಮೈ ನೀರಿನೊಳಗೇ ಇರುವುದರಿಂದ ಅದು ಗಾಳಿಗಿಂತ ಅಡಿನೀರಿನ ಮಾತು ಹೆಚ್ಚು ಕೇಳುತ್ತದೆ. ಅಂದರೆ ಅದು ಹೋಗುವುದು ಕಾಪರ್ ಕೊಲ್ಲಿಗೆ, ನೀವು ದೋಣಿ ಕಟ್ಟಿಸಿರುವ ಜಾಗಕ್ಕೇ. ಇಷ್ಟು ನಿಮಗೆ ಗೊತ್ತಿಲ್ಲವೇ? ನಮ್ಮ ಕೊಲ್ಲಿ ಖಾಲಿಯಾದರೆ ಯಾವ ಎಣ್ಣೆ ಹಡಗಿಗೆ ತಂಗಲು ಜಾಗವಾಗುತ್ತದೆ? ಎರಡು ದಿನ ನಾನು ಹೀಗೆ ಅನುಮಾನಿಸಿದೆ. ಅದು ಇನ್ನೂ ಪೂರ್ತಿ ಹೋಗಿಲ್ಲ.

ನಿನ್ನೆ ಜೆಟ್ಟಿಯ ಹಲಗೆಗೆ ಅಂಟಿಸಿದ ನಕ್ಷೆಯನ್ನು ಕನ್ನಡಕ ಹಾಕಿ ಓದಿದೆ. ಆ ಬಾಣದ ಬುಡದಲ್ಲಿ ಸಣ್ಣಗೆ ಬರೆದಿತ್ತು: ತೇಲುಬುರುಡೆ ಸಂಖ್ಯೆ 418. ಅಲ್ಲಿಂದ ನೇರ ನಮ್ಮ ಬೇಲಿಯ ಹತ್ತಿರ ಓಡಿದೆ.

ನಮ್ಮೂರಲ್ಲಿ ಒಂದು ಪದ್ಧತಿ ಇದೆ. ಕಡಲಲ್ಲಿ ಯಾರದೇ ಬಲೆಯಿಂದ ಕಳಚಿದ ತೇಲುಬುರುಡೆ ಒಂಟಿಯಾಗಿ ತೇಲುತ್ತಿದ್ದರೆ ತಂದು ಬೇಲಿಗೆ ನೇತುಹಾಕುತ್ತೇವೆ. ಯಜಮಾನ ಬಂದು ಬಿಚ್ಚಿಕೊಂಡು ಹೋಗುತ್ತಾನೆ. ಕಳೆದ ಸೋಮವಾರ ಏಳು ಮೈಲಿ ಆಚೆ ಹಳದಿ ಬುರುಡೆಯೊಂದು ಸಿಕ್ಕಿತು. ಅದನ್ನು ದೋಣಿಗೆ ಹಾಕಿಕೊಂಡು ಒಂದೇ ಗಂಟೆಯಲ್ಲಿ ದಡ ಸೇರಿ, ಗುಡ್ಡದ ಮೇಲಿನ ಮನೆಗೆ ಹೊತ್ತು ತಂದೆ.

"ಪಾಪ, ಯಾರದೋ ಹಗ್ಗ ಕಡ್ಕೊಂಡ್ ಬಂದಿದೆ. ಬಾಗಿಲ ಹತ್ರಾನೇ ಕಟ್ರೀ, ಕಣ್ಣಿಗ್ ಬೀಳ್ಲಿ," ಎಂದಳು ನನ್ನ ಹೆಂಡತಿ ಡಾರ್ಕಸ್.

ಅದರ ಹೊಟ್ಟೆಯ ಮೇಲೆ 418 ಎಂದಿದೆ. ನೀರಿನ ಹರಿವು ಅಳೆಯಲು ನೀವೇ ತೇಲಿಬಿಟ್ಟ ಯಂತ್ರವದು. ನಿಮ್ಮ ಭಯಂಕರ ಪ್ರವಾಹ ನನ್ನ ದೋಣಿಯ ಎಂಜಿನ್, ಸ್ವಾಮಿ.

ಕೂಡಲೇ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಗುಮಾಸ್ತರು ಕೇಳಿದರು: "ಸಮುದ್ರ ನಿಮ್ಮ ಬೇಲಿ ಮೇಲಿದೆ ಅಂತ ಬರ್ಕೊಳ್ಳಾ ಸಾರ್?"

"ಬರ್ಕೊಳಪ್ಪಾ, ಬೇಗ ಬರ್ಕೋ!"

"ನಕ್ಷೆ ತಿದ್ದೋಕೆ ಹದಿನೈದು ದಿನ ಆಗತ್ತೆ."

ಶನಿವಾರ ಕಡಲಿಗೆ ದೊಡ್ಡ ಭರತ, ನೀರು ಉಕ್ಕಿ ಏರುವ ದಿನ. ಬಂಡೆಯನ್ನು ದಿಬ್ಬದಿಂದ ಎತ್ತಲು ಅಷ್ಟು ನೀರು ಸಾಕು. ಅಜರಾಯನಿಗೂ ಫೋನ್ ಮಾಡಿದೆ. "ಆರ್ಡರ್ ಮೀರಿ ಬಂದ್ರೆ ಲೈಸೆನ್ಸ್ ಕಿತ್ಕೋತಾರಂತೆ ಕಣಣ್ಣ," ಎಂದ. ನೀರಿಗಿಳಿದ ಯಂತ್ರ ಏಳು ಮೈಲಿ ಓಡಿ, ಗುಡ್ಡ ಹತ್ತಿ, ನಾಲ್ಕು ದಿನ ಕದಲದೆ ನಿಂತಾಗ ನಿಮ್ಮಲ್ಲಿ ಒಬ್ಬರಿಗಾದರೂ ಅನುಮಾನ ಬರಲಿಲ್ಲವೇ? ನನಗೆ ಎಲ್ಲರ ಮೇಲೂ ಬಂತು, ನನ್ನೊಬ್ಬನನ್ನು ಬಿಟ್ಟು.

ತಪ್ಪು ನನ್ನದೆಂದೇ ಬರೆದುಕೊಳ್ಳಿ, ದಂಡ ಹಾಕಿ. ಆದರೆ ಶುಕ್ರವಾರ ಸಂಜೆಯೊಳಗೆ ಆದೇಶ ಹಿಂದಕ್ಕೆ ಪಡೆದು ಆ ಹನ್ನೊಂದು ದೋಣಿಗಳನ್ನು ಮನೆಗೆ ಕಳಿಸಿ. ಬುರುಡೆಯನ್ನು ಆಮೇಲೆ ಒಯ್ಯಿರಿ, ಅದು ಎಲ್ಲಿಗೂ ಹೋಗುವುದಿಲ್ಲ.

ಇಂತಿ,
ತಮ್ಮನನ್ನು ಹಿಮಬಂಡೆಯ ದಾರಿಗೆ ತಳ್ಳಿದ ಅಣ್ಣ,
ಹೆಡ್ಲಿ, ಸ್ಕರಿ ಕೊಲ್ಲಿ, ನ್ಯೂಫೌಂಡ್‌ಲ್ಯಾಂಡ್