ನಲವತ್ತು ಹಡಗು, ಒಂದೇ ಗೋಪುರ

4 ನವೆಂಬರ್ 2024, ಬೆಳಿಗ್ಗೆ 6.20

ಚಿತ್ರಕಥೆಯ ಪುಟ 31ರ ತಿದ್ದುಪಡಿ ಮುಗಿಯಿತು. ಕಡಲ್ಗಳ್ಳರ ನಾಯಕಿ ಗುತ್ತೆವ್ವನ ಹಡಗಿಗೆ ಗೋಪುರದಿಂದ ಬರುವ ಕೇಬಲ್ ಬಲಗಡೆ ಇರಬೇಕು. ಚಿತ್ರಕಾರ ಸಿರಾಜುದ್ದೀನರು ಮತ್ತೆ ಎಡಕ್ಕೆ ಬಿಡಿಸಿದ್ದಾರೆ. ಮೂರನೆಯ ಸಲ.

ನಿಯಮಗಳನ್ನು ಇನ್ನೊಮ್ಮೆ ಬರೆದಿಟ್ಟುಕೊಳ್ಳುತ್ತೇನೆ. ಈ ಲೋಕದಲ್ಲಿ ಕಲ್ಲಿದ್ದಲಿಲ್ಲ, ಎಣ್ಣೆಯಿಲ್ಲ. ಬಂದರಿನ ಗೋಪುರ ಸಿಡಿಲನ್ನು ಹಿಡಿದು ಉಪ್ಪುನೀರಿನ ತೊಟ್ಟಿಗಳಲ್ಲಿ ಕೂಡಿಡುತ್ತದೆ. ಹೊರಡುವ ಹಡಗಿನ ಮೋಟಾರನ್ನು ಗೋಪುರದ ಕರೆಂಟೇ ಎಬ್ಬಿಸಬೇಕು. ಆಮೇಲೆ ಗಾಳಿಚಕ್ರದಿಂದ ತಾನೇ ಓಡುತ್ತದೆ. ಮೋಟಾರು ಓಡುತ್ತಿರುವ ಹಡಗಿನ ಮೂತಿಗೆ ಮಾತ್ರ ಹಳದಿ ದೀಪ. ಕಡಲ್ಗಳ್ಳರು ಕದಿಯುವುದು ಚಿನ್ನವನ್ನಲ್ಲ, ಕೂಡಿಟ್ಟ ಸಿಡಿಲನ್ನು.

ಇಪ್ಪತ್ತೊಂದು ವರ್ಷ ನೋಟ್‌ಬುಕ್ಕಿನಲ್ಲಿದ್ದ ಲೋಕ. ಗದಗಿನ ಪ್ರಕಾಶಕಿ ವಾಣಿಶ್ರೀಯವರಿಗೆ ಎಲ್ಲ 64 ಪುಟಗಳೂ ಇದೇ 30ರೊಳಗೆ ತಲುಪಬೇಕು. ತಪ್ಪಿದರೆ ಪ್ರೆಸ್ಸು ಪರೀಕ್ಷೆಯ ಗೈಡುಗಳಿಗೆ ಹೋಗುತ್ತದೆ.

7 ನವೆಂಬರ್, ಸಂಜೆ 7.00

ಶಿಗ್ಗಾಂವಿಯ ವಿದ್ಯುತ್ ಕಚೇರಿಯಿಂದ ನೇರವಾಗಿ ಸವಣೂರಿಗೆ. ಸಿರಾಜುದ್ದೀನರ ಅಂಗಡಿಯಲ್ಲಿ ಈಗ ಫ್ಲೆಕ್ಸ್ ಯಂತ್ರ. ಬೋರ್ಡ್ ಬರೆಯುವ ಕುಂಚಗಳು ಡಬ್ಬಿಯಲ್ಲಿ. ನಮ್ಮ ಪುಸ್ತಕಕ್ಕೆಂದೇ ಅವನ್ನು ತೊಳೆದು ತೆಗೆದಿದ್ದಾರೆ. ಹೊಸ ಪುಟ ನೋಡಿದೆ. ಹಡಗಿನ ಮೇಲೆ ಹೊಗೆ!

“ಹೊಗಿ ಯಾಕ ಹಾಕೀರಿ?”

“ಹೊಗಿ ಇಲ್ಲಂದ್ರ ಹಡಗ ನಿಂತಂಗ ಕಾಣ್ತೈತ್ರಿ ಸಾಹೇಬ್ರ.”

“ಅದರಾಗ ಏನೂ ಸುಡೂದಿಲ್ಲ. ಸುಡದ ಹೊಗಿ ಎಲ್ಲಿಂದ ಬರ್ತೈತಿ?”

“ಕಳ್ಳರು ಅಡಗಿ ಮಾಡೂದಿಲ್ಲೇನ್ರಿ? ಕಡಲಾಗ ಉಪಾಸ ಇರ್ತಾರೇನು?”

ಅವರು ಬಿಡಲಿಲ್ಲ. “ಹಗಲೆಲ್ಲಾ ಕರೆಂಟ್ ಕಳ್ಳರನ್ನ ಹಿಡಿತೀರಿ. ಮುಂಜಾನೆ ಎದ್ದು ಅವರನ್ನ ಶೂರರನ್ನ ಮಾಡ್ತೀರಿ. ನಿಮ್ಮ ಆಫೀಸಿಗೆ ಗೊತ್ತೈತೇನು?”

ಕಾರಣವಿಲ್ಲದೆ ಈ ಲೋಕದಲ್ಲಿ ಹುಲ್ಲುಕಡ್ಡಿಯೂ ಅಲುಗುವುದಿಲ್ಲ ಎಂದು ಕಾಲು ಗಂಟೆ ವಿವರಿಸಿದೆ. ಕೇಳಿದರು. ಹೊಗೆ ತೆಗೆಯಲು ಒಪ್ಪಿದರು. ಒಪ್ಪಿಗೆಯಲ್ಲಿ ನಗು ಇರಲಿಲ್ಲ.

16 ನವೆಂಬರ್

ಮುಖ್ಯ ಚಿತ್ರ ಕೈಸೇರಿತು. ಪುಟ 56–57, ಎರಡೂ ಪುಟಕ್ಕೆ ಒಂದೇ ಹಾಳೆ. ಬಂದರನ್ನಾಳುವ ಸುಲ್ತಾನ ಗೋಪುರದ ಕರೆಂಟನ್ನು ಕಡಿದು ಕಳ್ಳರ ನಲವತ್ತು ಹಡಗುಗಳನ್ನು ಬಂದರಿನಲ್ಲಿ ಸೆರೆಯಿಟ್ಟಿದ್ದಾನೆ. ಗುತ್ತೆವ್ವ ಗೋಪುರ ಹತ್ತಿ ಹಿಡಿಕೆ ಎಳೆಯುತ್ತಾಳೆ. ನಲವತ್ತೂ ಹಡಗುಗಳು ಒಮ್ಮೆಲೇ ಏಳುತ್ತವೆ. ನಲವತ್ತು ಹಳದಿ ದೀಪ, ಕಪ್ಪು ನೀರು.

ಒಂಬತ್ತು ದಿನದ ಕೆಲಸ. ದೋಷ ಹುಡುಕಿದೆ. ಸಿಗಲಿಲ್ಲ. “ಸರಿ ಇದೆ” ಎಂದೆ. ಇನ್ನೂ ಏನಾದರೂ ಹೇಳಬೇಕಿತ್ತು... “ಇಷ್ಟ ಸಾಕ್ರಿ ನಿಮ್ಮಿಂದ” ಎಂದರು ಸಿರಾಜುದ್ದೀನರು. ಕೊಳವೆಯಲ್ಲಿ ಸುತ್ತಿ ಕೊಟ್ಟರು. ಗದಗಿಗೆ ಕಳಿಸುವ ಹೊಣೆ ನನ್ನದು.

17 ನವೆಂಬರ್, ಭಾನುವಾರ

ಚಿಕ್ಕೇರೂರು, ತಿಪ್ಪಕ್ಕನ ಮನೆ. ಅಕ್ಕನಿಗೆ ಹಾಳೆ ತೋರಿಸಿದ್ದು ನಾನೇ. ಹೊರಸಿನ ಮೇಲೆ ಬಿಚ್ಚಿದೆ. ತಿಪ್ಪಕ್ಕ ಕೈ ಒರೆಸಿಕೊಂಡು ಬಂದು ನೋಡಿದಳು. ಕಥೆ ಹೇಳಿದೆ.

“ಭಾಳ ಚಂದ ಐತಿ. ಇಷ್ಟೂ ಹಡಗ ಒಂದ ಟಿ.ಸಿ. ಮ್ಯಾಲೇನೋ?”

“ಟ್ರಾನ್ಸ್‌ಫಾರ್ಮರ್ ಅಲ್ಲ, ಗೋಪುರ ಅಂತಾರ ಅದಕ್ಕ.”

“ಏನರ ಅನ್ನಲಿ. ಎಲ್ಲಾರೂ ಸ್ಟಾರ್ಟರಿಗೆ ಆಟೋ ಹಾಕಿ ಕುಂತಾರೇನು?”

“ಹೂಂ ಅನ್ನು.”

“ಮತ್ತ ಸುಡೂದಿಲ್ಲೇನೋ ಸುಭಾಸ? ಹ್ವಾದ ವರ್ಷ ನಮ್ಮ ಟಿ.ಸಿ. ಸುಟ್ಟಾಗ ಏಳ ಮಂದೀನ್ನ ನಿಂದರಿಸಿ ಬೈದಿದ್ದಿ. ಇಲ್ಲಿ ನಲವತ್ತ ಅದಾವು!”

ನಕ್ಕು ಒಳಗೆ ಹೋದಳು. ನಾನು ಹೊರಸಿನ ಪಕ್ಕದಲ್ಲಿಯೇ ನಿಂತಿದ್ದೆ.

18 ನವೆಂಬರ್

ಅಕ್ಕ ಹೇಳಿದ್ದು ನಿಜ. ಕರೆಂಟ್ ಬಂದೊಡನೆ ಪಂಪು ತಾನಾಗಿ ಏಳಲೆಂದು ರೈತರು ಸ್ಟಾರ್ಟರಿಗೆ ಆಟೋ ಕೂಡಿಸುತ್ತಾರೆ. ಎಲ್ಲ ಪಂಪುಗಳೂ ಒಂದೇ ಕ್ಷಣ ಏಳುತ್ತವೆ. ಏಳುವಾಗ ಮೋಟಾರು ಎಳೆಯುವ ಕರೆಂಟು ಓಡುವಾಗಿನ ಆರು ಪಟ್ಟು. ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ನಲವತ್ತು ಹಡಗೆಂದರೆ ಇನ್ನೂರ ನಲವತ್ತು ಹಡಗಿನ ಹೊರೆ. ಗೋಪುರ ಬೂದಿ. ಒಂದು ಹಡಗೂ ಕದಲುವುದಿಲ್ಲ.

ಇದನ್ನು ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಎಷ್ಟು ಊರುಗಳಲ್ಲಿ ಹೇಳಿಲ್ಲ ನಾನು! ನನ್ನ ಲೋಕದಲ್ಲಿ ನಾನೇ ಮರೆತೆ.

ಪರಿಹಾರ ಸರಳ. ಒಂದು ಹಡಗು ಎದ್ದು ತಾನೇ ಓಡತೊಡಗಿದ ಮೇಲೆ ಮುಂದಿನದು. ಅಂದರೆ ಹಿಡಿಕೆ ಎಳೆದ ಕ್ಷಣದ ಈ ಚಿತ್ರದಲ್ಲಿ ಒಂದೇ ದೀಪ ಉರಿಯಬೇಕು. ಸಿರಾಜುದ್ದೀನರಿಗೆ ಫೋನ್ ಮಾಡಬೇಕು. ಹೊಗೆಯ ಬಗ್ಗೆ ಕಾಲು ಗಂಟೆ ಪಾಠ ಹೇಳಿದವನು ಈಗ ಏನೆಂದು ಹೇಳಲಿ? ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದೆ.

20 ನವೆಂಬರ್, ಮಧ್ಯಾಹ್ನ 1.10

ಅವರಿಗೆ ತೊಂದರೆ ಕೊಡುವ ಅಗತ್ಯವಿಲ್ಲ. ಆರಿಸಬೇಕಾದದ್ದು ಮೂವತ್ತೊಂಬತ್ತು ಚಿಕ್ಕ ದೀಪ. ಡಿಪ್ಲೊಮಾ ಕಾಲದ ಡ್ರಾಯಿಂಗ್ ಪೆನ್ನು, ಕಪ್ಪು ಇಂಕು ಇವೆ. ಊಟದ ಬಿಡುವಿನಲ್ಲಿ ಮುಗಿಯುತ್ತದೆ.

20 ನವೆಂಬರ್, ಮಧ್ಯಾಹ್ನ 2.45

ದೀಪಗಳು ಆರಿದವು. ಅಚ್ಚುಕಟ್ಟಾಗಿಯೇ ಆರಿದವು. ಆದರೆ ನೀರಿನಲ್ಲಿ ಅವುಗಳ ಪ್ರತಿಬಿಂಬಗಳು ಹಾಗೆಯೇ ಉರಿಯುತ್ತಿವೆ. ಅವನ್ನು ನಾನು ಎಣಿಸಿರಲಿಲ್ಲ. ಪ್ರತಿಬಿಂಬದ ಮೇಲೂ ಇಂಕು ಎಳೆದೆ. ಅಲ್ಲಿ ಬಣ್ಣ ದಪ್ಪ. ಇಂಕಿನ ಒದ್ದೆಗೆ ಕರಗಿತು. ಒರೆಸಿದೆ — ಒರೆಸಬಾರದಿತ್ತು. ಹಳದಿ, ಕಪ್ಪು, ನೀಲಿ ಕೂಡಿ ಕೆಸರು. ಸಮುದ್ರದ ಎಡಭಾಗ ಪೂರ್ತಿ ಹೋಯಿತು.

24 ನವೆಂಬರ್

ಬರೆಯುವಂಥದ್ದೇನೂ ಇಲ್ಲ. “ಚಿತ್ರ ಗದಗಿಗೆ ಮುಟ್ಟಿತೇನ್ರಿ?” ಎಂದು ಸಿರಾಜುದ್ದೀನರ ಮೆಸೇಜು. ಮೂರು ದಿನದ ಹಿಂದಿನದು.

25 ನವೆಂಬರ್, ಸಂಜೆ

ಸವಣೂರು. ಹಾಳೆಯನ್ನು ಅವರ ಮೇಜಿನ ಮೇಲೆ ಬಿಚ್ಚಿದೆ. ಫ್ಲೆಕ್ಸ್ ಯಂತ್ರ ನಿಲ್ಲಿಸಿ ಬಂದರು.

“ಇದ್ಯಾರ ಕೈ?”

“ನಂದು. ಕಥಿಯಾಗ ಒಂದು ತಪ್ಪಿತ್ತು, ತಿದ್ದಾಕ ಹೋದೆ.”

ಕೆಸರಾದ ಜಾಗವನ್ನು ಬೆರಳಿನಿಂದ ಮುಟ್ಟಿದರು. ದನಿ ಏರಿಸಲಿಲ್ಲ.

“ಹೊಗಿ ತಗೀರಿ ಅಂದ್ರಿ, ತಗದ್ನಿ. ಕೇಬಲ್ ಬಲಕ್ಕ ಹಾಕ್ರಿ ಅಂದ್ರಿ, ಮೂರ ಸಲ ಹಾಕಿದ್ನಿ. ನನ್ನ ತಪ್ಪಿಗೆಲ್ಲಾ ನನ್ನ ಕರದ್ರಿ ಸಾಹೇಬ್ರ. ನಿಮ್ಮ ತಪ್ಪಿಗೆ ಯಾಕ ಕರೀಲಿಲ್ಲ?”

ಬಸ್ಸಿಗೆ ಹೊತ್ತಾಯಿತು ಎಂದೆ. ಬಂದದ್ದು ಬೈಕಿನಲ್ಲಿ.

27 ನವೆಂಬರ್

ವಾಣಿಶ್ರೀಯವರಿಗೆ ಫೋನ್. ಮುಖ್ಯ ಚಿತ್ರ ಕೆಟ್ಟಿದೆ, ಹದಿನೈದು ದಿನ ಬೇಕೆಂದೆ. “ಆಗೂದಿಲ್ರಿ ಸರ. ಇನ್ನ ಜೂನ್‌ಗ ನೋಡೂಣು. ಆವಾಗ ಕಾಗದದ ರೇಟ್ ಏನಾಗಿರ್ತೈತೋ, ಮಾತ ಕೊಡಾಕಾಗೂದಿಲ್ಲ.” ಜೂನ್ ಅಂದರೆ ಬಹುಶಃ ಇಲ್ಲ. ಆ ಒಂದು ಚಿತ್ರ ಬಿಟ್ಟು ಉಳಿದದ್ದನ್ನು ಕಳಿಸಬಹುದೇ ಎಂದು ಅವರೇ ಕೇಳಿದರು. ಬೇಡವೆಂದೆ. ಕಾರಣ ಕೇಳಿದರು. ಆಮೇಲೆ ಮಾಡುತ್ತೇನೆಂದು ಫೋನ್ ಇಟ್ಟೆ.

28 ನವೆಂಬರ್, ರಾತ್ರಿ 8.30

ಕರೆಯದೆಯೇ ಸವಣೂರಿಗೆ ಹೋದೆ. ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ಗೋಪುರ ಬರೆದು, ಹಡಗುಗಳನ್ನು ಬರೆದು, ತಪ್ಪು ಎಲ್ಲಿದೆಯೆಂದು ಮೊದಲಿನಿಂದ ಹೇಳಿದೆ. “ತಪ್ಪು ನಂದು” ಎಂದು ಎರಡು ಸಲ ಹೇಳಿದೆ.

ಸಿರಾಜುದ್ದೀನರು ಸ್ಟೂಲಿನ ಮೇಲಿಂದ ಬಗ್ಗಿ ನೋಡುತ್ತಿದ್ದರು.

“‘ಆಟೋ ಸ್ಟಾರ್ಟರ್ ಬಳಸಬೇಡಿರಿ’ ಅಂತ ನಿಮ್ಮ ಆಫೀಸಿಗೆ ಎಷ್ಟ ಬೋರ್ಡ್ ಬರದೇನಿ ಗೊತ್ತೈತೇನ್ರಿ?”

“ಅರವತ್ತು.”

“ಅರವತ್ತೆರಡು. ಎರಡ ಕಾಗುಣಿತ ತಪ್ಪಿ ವಾಪಸ್ ಕಳಿಸಿದ್ರಿ.” ನಗುವಿಗೆ ಅವರ ಭುಜ ಅಲುಗುತ್ತಿತ್ತು. “ಬೋರ್ಡ್ ಬರದಾಂವಗೂ ತಿಳೀಲಿಲ್ಲ, ಬರಸಿದಾಂವಗೂ ತಿಳೀಲಿಲ್ಲ. ಭಲೇ ಜೋಡಿ ಐತ್ರಿ.”

ಜೂನ್ ವಿಷಯ ಹೇಳಿದೆ. ನಗು ನಿಂತಿತು. ಎದ್ದು ಹೊಸ ಹಾಳೆ ಎಳೆದು ಮೇಜಿಗೆ ಪಿನ್ನು ಹೊಡೆದರು.

“ಕೂಡ್ರಿ. ಯಾ ಹಡಗ ಮೊದ್ಲ ಏಳ್ತೈತಿ?”

“ಗುತ್ತೆವ್ವಂದು. ಗೋಪುರಕ್ಕ ಹತ್ರ ಐತಿ.”

“ಅಕಿ ನಾಯಕಿ. ಮೊದ್ಲ ಓಡಿ ಹೋಗ್ತಾಳೇನು?”

ನಿಯಮದಲ್ಲಿ ಅದಕ್ಕೆ ಉತ್ತರವಿಲ್ಲ.

30 ನವೆಂಬರ್, ಬೆಳಿಗ್ಗೆ 6.15

ಗಡುವಿನ ದಿನ. ಕಳಿಸಲು ಏನೂ ಇಲ್ಲ.

ಹಡಗುಗಳ ಪಾಳಿ ಬರೆಯುತ್ತಿದ್ದೇನೆ. ಕೊನೆಯದು ಗುತ್ತೆವ್ವನದು — ಒಪ್ಪಿದ್ದೇನೆ. ಮೊದಲನೆಯದಕ್ಕೆ ಅತಿ ಹಳೆಯ ಮೋಟಾರಿನ ಹಡಗು. ತೊಟ್ಟಿ ತುಂಬಿರುವಾಗಲೇ ಅದು ಏಳಬೇಕು. ಎರಡನೆಯದು ಗಾಯಾಳುಗಳಿರುವ ಹಡಗೆಂದು ಅವರು, ದೊಡ್ಡ ಹೊರೆಯದೆಂದು ನಾನು. ಗಾಯಾಳುಗಳ ಮಾತು ಕಥೆಯಲ್ಲಿ ಎಲ್ಲಿಯೂ ಇಲ್ಲವೆಂದು ನಿನ್ನೆ ವಾದಿಸಿದೆ. “ಜಗಳಾಡಿ ಬಂದಾರ, ಗಾಯ ಆಗೂದಿಲ್ಲೇನ್ರಿ?” ಎಂದರು. ಸರಿ, ಎರಡನೆಯದು ಗಾಯಾಳುಗಳದು. ಮೂರನೆಯದು...

ಫೋನ್. ಇಷ್ಟು ಬೆಳಿಗ್ಗೆ ಸಿರಾಜುದ್ದೀನರು. ಹನ್ನೊಂದನೆಯ ಹಡಗಿನ ಬಗ್ಗೆ ಏನೋ —