ಬಾಗಿಲ ಹಿಂದಿನ ಸಂದಿಗೆ ನೀರು ಬಿಡದ ಬಗ್ಗೆ ತಕರಾರು

ಬುಧವಾರ, ಮಧ್ಯಾಹ್ನ

ಕಾಗದಪತ್ರಗಳಲ್ಲಿ ಇನ್ನೂ ನನ್ನ ಯಜಮಾನರೆಂದು ಉಳಿದಿರುವವರಿಗೆ,

ಕೆಳಗೆ ಸಹಿ ಮಾಡಿರುವ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದು ಏನೂ ಇಲ್ಲ, ತಿಳಿಯಪಡಿಸುವುದು ಮಾತ್ರ ಇದೆ. ಕಳೆದ ಭಾನುವಾರ ನನ್ನ ಮನೆಯ ಮುಂದೆ, ತಮ್ಮ ಅಕ್ಕನವರ ಸಮಕ್ಷಮದಲ್ಲಿ, ಟಾಪು ಮಡಚುವ ನಮ್ಮ ಹಳೆಯ ಕಾರಿಗೆ ತಾವು ನಡೆಸಿದ ನೀರಿನ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ಸದರಿ ಪರೀಕ್ಷೆಯಲ್ಲಿ ನಾನು ಗೆದ್ದೆನೆಂದು ತಾವು ಹೇಳಿಹೋದ ಮಾತನ್ನೂ ಒಪ್ಪುವುದಿಲ್ಲ. ಕಾರಣಗಳನ್ನು ಕ್ರಮವಾಗಿ ಬರೆಯುತ್ತೇನೆ. ಯಾವುದನ್ನೂ ಕೊನೆಯವರೆಗೆ ಓದುವ ಅಭ್ಯಾಸ ತಮಗಿಲ್ಲ. ಈ ಸಲ ಮಾಡಿಕೊಳ್ಳಿ.

ಗುಜರಿಗೆ ಬಿದ್ದಿದ್ದ ಆ ಕಾರನ್ನು ತಂದು, ತಗಡು ಬಡಿದು, ಕ್ಯಾನ್ವಾಸು ಹೊಲಿಸಿ, ಮತ್ತೆ ಕಾರೆನ್ನುವಂತೆ ಮಾಡಿದವರು ತಾವು. ಅದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಆದರೆ ತಾವು ಮನೆ ಬಿಟ್ಟ ದಿನ ಅಂಗಳದಲ್ಲಿ ನಿಂತು, ಬೀದಿಯವರಿಗೆಲ್ಲ ಕೇಳುವಂತೆ, "ಈ ಮನೇಲಿ ಒಂದು ಲೋಟ ನೀರು ಬೇಕಂದ್ರೂ ಅರ್ಜಿ ಹಾಕ್ಕೋಬೇಕು" ಎಂದಿರಿ. ಹಾಗೆಂದು ಸುತ್ತಿಗೆ, ಸ್ಪಾನರು, ಸ್ಟೂಲುಗಳನ್ನೆಲ್ಲ ತಮ್ಮ ಸೋದರನ ಟೆಂಪೋಗೆ ತುಂಬಿಕೊಂಡು ಹೋದಿರಿ. ಕಾರನ್ನು ಬಿಟ್ಟುಹೋದದ್ದು ಔದಾರ್ಯದಿಂದಲ್ಲ. ಆ ದಿನ ಅದು ಸ್ಟಾರ್ಟ್ ಆಗಲಿಲ್ಲ, ಅಷ್ಟೇ. ಆಮೇಲೆ ಅದನ್ನು ಸ್ಟಾರ್ಟ್ ಮಾಡಿಸಿದವಳು, ಕಲಿತು ಓಡಿಸಿದವಳು, ಟಯರು ಬದಲಿಸಿದವಳು ನಾನು.

ತಾಲ್ಲೂಕು ಕಚೇರಿಯ ಜಗುಲಿಯಿಂದ ಅರ್ಜಿ ಬರೆಯುವವರನ್ನೆಲ್ಲ ಎಬ್ಬಿಸಿದ ಮೇಲೆ ಸದರಿ ಕಾರೇ ನನ್ನ ಮೇಜು ಎಂಬುದು ತಮಗೆ ತಿಳಿದಿದೆ. ತಿಳಿದೇ ಅದಕ್ಕೆ ಕೈ ಹಾಕಿದಿರಿ. ಕಚೇರಿಯ ಗೋಡೆಗೆ ತಾಗಿಸಿ ನಿಲ್ಲಿಸುತ್ತೇನೆ. ಎಡ ಸೀಟಿನಲ್ಲಿ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ನಾನು ಕೂರುತ್ತೇನೆ, ಬಂದವರು ಸ್ಟಿಯರಿಂಗ್ ಮುಂದೆ ಕೂರುತ್ತಾರೆ. ತಮ್ಮ ಕಷ್ಟ ಹೇಳುವಾಗ ಅದನ್ನು ಹಿಡಿದುಕೊಳ್ಳದವರು ಇಲ್ಲ. ಪಕ್ಕದ ಮನೆಯವನು ಗೋಡೆ ಒತ್ತರಿಸಿದ್ದನ್ನು ಹೇಳುತ್ತ ಒಬ್ಬ ಮುದುಕ ಅದನ್ನು ಎಷ್ಟು ತಿರುಗಿಸಿದನೆಂದರೆ, ಎಂಜಿನು ಚಾಲೂ ಇದ್ದಿದ್ದರೆ ನಾವಿಬ್ಬರೂ ಕಚೇರಿಯ ಒಳಗೇ ಇರುತ್ತಿದ್ದೆವು. ಯೌವನವನ್ನೆಲ್ಲ ಬೇರೆಯವರ ಅರ್ಜಿಗಳನ್ನು ನಕಲು ಮಾಡುವುದರಲ್ಲೇ ಕಳೆದು, ಆ ನಕಲಿನಿಂದಲೇ ಭಾಷೆ ಕಲಿತು, ಈಗ ಸ್ವಂತಕ್ಕೆ ಬರೆಯುವವಳು ನಾನು. ಕಾರು ಹೋದರೆ ನನಗೆ ಕೂರಲು ಬೇರೆ ಜಾಗವಿಲ್ಲ. ಬಿಸಿಲಲ್ಲಿ ನಿಂತು ಬರೆಯುವ ಕಾಲು ನನ್ನವಲ್ಲ.

ನೀರು ತಡೆಯಲು ಟಾಪಿನ ಅಂಚಿಗೆ ಕೂರಿಸಿದ್ದ ಹಳೆಯ ರಬ್ಬರ್ ಬೀಡಿಂಗ್ ಗಟ್ಟಿಯಾಗಿ, ಬಿರುಕುಬಿಟ್ಟು, ಮಳೆ ಒಳಗೆ ಬರತೊಡಗಿದ್ದು ನಿಜ. ಒಬ್ಬ ಬಡಗಿಯ ಅರ್ಜಿಯ ಮೇಲೆ ಹನಿ ಬಿದ್ದು ಶಾಯಿ ಹರಡಿದಾಗ ಅವನು, "ಅರ್ಜಿಯಮ್ಮ, ನಾನು ಅತ್ತಿದ್ದು ಸಾಲ್ದು ಅಂತ ನಿಮ್ಮ ಕಾರೂ ಅಳ್ತಾ ಇದೆಯಲ್ಲ" ಎಂದ. ಆ ತಮಾಷೆ ಯಾರ ಬಾಯಿಂದಲೋ ತಮ್ಮ ಅಕ್ಕನವರಿಗೆ, ಅವರಿಂದ ತಮಗೆ ತಲುಪಿತು. ಮರುವಾರವೇ ತಮ್ಮ ಅಪ್ಪಣೆ ಬಂತು: "ಕಾರು ಬರೆಯೋ ಮೇಜಲ್ಲ. ಕಟ್ಟಿದೋನು ನಾನು, ಕೊಳೆಯೋಕೆ ಬಿಡಲ್ಲ. ಬಂದು ತಗೊಂಡ್ಹೋಗ್ತೀನಿ."

ತಮ್ಮ ಅಕ್ಕನವರು ನಡುವೆ ಬಂದು ಮಾಡಿದ ತೀರ್ಮಾನ ತಮಗೆ ನೆನಪಿರಬೇಕು. "ನೋಡ್ರಪ್ಪ, ನಂಗೆ ಇಬ್ಬರ ಪುರಾಣಾನೂ ಬೇಡ. ಅವಳು ಹೊಸ ಬೀಡಿಂಗ್ ಹಾಕ್ಲಿ, ನೀನು ಪೈಪಲ್ಲಿ ನೀರು ಬಿಡು. ಒಂದು ಹನಿ ಒಳಗೆ ಬಂದ್ರೆ ಕಾರು ನಿಂದು, ಬರದಿದ್ರೆ ಅವಳದು. ಆಮೇಲೆ ನನ್ನ ತಲೆ ತಿನ್ನೋ ಹಾಗಿಲ್ಲ" ಎಂದರು. ಅದಕ್ಕೆ ತಾವು ಒಂದು ಬಾಲ ಸೇರಿಸಿದಿರಿ: "ಅವಳೇ ಕೈಯಾರೆ ಹಾಕ್ಬೇಕು. ಗ್ಯಾರೇಜಿಗೆ ಕೊಟ್ಟು ನನ್ನ ಮುಂದೆ ಜಂಬ ಬೇಡ." ನಾನು ಅದನ್ನೂ ಒಪ್ಪಿದೆ.

ಕೈಯಾರೆಯೇ ಹಾಕಿದೆ. ಮುಂದಿನ ಗಾಜಿನ ಮೇಲಂಚಿನಿಂದ ಆರಂಭಿಸಿ, ಟಾಪಿನ ಎರಡೂ ಪಕ್ಕದ ಕಂಬಿಗಳ ಹಳೆಯ ರಬ್ಬರನ್ನು ಎಬ್ಬಿಸಿದೆ. ಅದು ಬೀಡಿಂಗಾಗಿ ಬರಲಿಲ್ಲ, ಒಣ ಚಕ್ಕೆಯಂತೆ ಮುರಿಮುರಿದು ಬಂತು. ಅದರ ಕೆಳಗಿನ, ಕಾಲುವೆಯಂಥ ತಗಡಿನ ಪಟ್ಟಿಯಲ್ಲಿ ತಾವು ಧಾರಾಳವಾಗಿ ಸುರಿದಿದ್ದ ಅಂಟು ಕಲ್ಲಾಗಿತ್ತು. ಅದನ್ನು ಥಿನ್ನರಿನಲ್ಲಿ ನೆನೆಸಿ, ಹೆರೆದು ತೆಗೆಯುವಾಗ ತಮ್ಮನ್ನು ಏನೆಂದುಕೊಂಡೆನೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ಹೊಸ ರಬ್ಬರಿಗೆ ಸೋಪಿನ ನೀರು ಸವರಿ ಪಟ್ಟಿಯೊಳಗೆ ಜಾರಿಸಿದೆ, ಎಳೆದು ಉದ್ದ ಮಾಡಲಿಲ್ಲ. ಟಾಪು ಮುಚ್ಚಿ ಕೊಕ್ಕೆ ಹಾಕಿ ನೋಡುವ ಮೊದಲು ಸ್ಕ್ರೂ ಬಿಗಿಯಬಾರದೆಂಬುದು ತಾವು ಶೆಡ್ಡಿನಲ್ಲಿ ಬೇರೆಯವರನ್ನು ಬೈಯುವಾಗ ನನ್ನ ಕಿವಿಗೆ ಬಿದ್ದ ಮಾತು. ಅದಕ್ಕೆ ತಮಗೆ ಋಣಿಯಾಗಿದ್ದೇನೆಂದು ತಿಳಿಯಬೇಡಿ. ಅಷ್ಟು ಗಟ್ಟಿಯಾಗಿ ಬೈದರೆ ಯಾರ ಕಿವಿಗಾದರೂ ಬೀಳುತ್ತದೆ.

ಒಂದು ಕಡೆ ತಪ್ಪಿದೆ. ತಾವು ಅದನ್ನು ಕಂಡುಕೊಂಡಿದ್ದರಿಂದ ಮುಚ್ಚಿಡುವ ಪ್ರಶ್ನೆಯಿಲ್ಲ. ಹಳೆಯ ತುಂಡುಗಳನ್ನು ನೆಲದ ಮೇಲೆ ಜೋಡಿಸಿ, ಪಕ್ಕದಲ್ಲಿ ಹೊಸ ರಬ್ಬರನ್ನು ಇಟ್ಟು, ಮೂಲಕ್ಕೂ ನಕಲಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬಾರದಂತೆ ಕತ್ತರಿಸಿದೆ. ಜೀವಮಾನವೆಲ್ಲ ಮಾಡಿದ್ದು ಅದೇ ಕೆಲಸ. ಮೂಲದಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸುವುದು. ಆದರೆ ಬಿಸಿಲಿಗೆ ಒಣಗಿದ ಹಳೆಯ ರಬ್ಬರ್ ಕುಗ್ಗಿಹೋಗಿತ್ತು. ನಾನು ಆ ಕುಗ್ಗಿದ ಅಳತೆಯನ್ನೂ ನಿಷ್ಠೆಯಿಂದ ನಕಲು ಮಾಡಿದ್ದೆ. ಟಾಪು ಮುಚ್ಚಿದಾಗ ಪ್ರತಿ ಜೋಡಣೆಯಲ್ಲೂ ಬೆರಳು ತೂರುವಷ್ಟು ಸಂದಿ. ಅಂಗಡಿಗೆ ಆ ರಬ್ಬರ್ ಮತ್ತೆ ಬರುವವರೆಗೆ ಭಾನುವಾರ ಕಾಯುತ್ತಿರಲಿಲ್ಲ. ಉಳಿದ ತುಂಡುಗಳನ್ನು ಕೊಯ್ದು ಸಂದಿಗಳಿಗೆ ಕೂರಿಸಿ ಅಂಟು ಹಾಕಿದೆ. ಚಾಲಕನ ಬಾಗಿಲ ಗಾಜು ಮುಗಿದು ಹಿಂದಿನ ಚಿಕ್ಕ ಗಾಜು ಶುರುವಾಗುವ ಕಡೆ, ಅಂದರೆ ಕೂತವರ ಭುಜದ ಹಿಂದೆ, ತುಂಡು ಸ್ವಲ್ಪ ಓರೆಯಾಗಿ ಕೂತಿತು. ಅದೂ ಭದ್ರವಾಗಿಯೇ ಇದೆಯೆಂಬುದು ನನ್ನ ವಾದ.

ಈಗ ಭಾನುವಾರದ ವಿಷಯ. ತಾವು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿರಿ, ಯಾರನ್ನೋ ಗೆದ್ದು ಕರೆದುಕೊಂಡು ಹೋಗುವವರ ಹಾಗೆ. ನೇರವಾಗಿ ಟಾಪಿನ ಸುತ್ತ ಬೆರಳು ಆಡಿಸುತ್ತ ಹೋದಿರಿ. ಮುಂದಿನ ಗಾಜಿನ ಹತ್ತಿರ "ಹೂಂ" ಎಂದಿರಿ. ಎಡಗಡೆ ಜೋಡಣೆಯ ಮುಂದೆ, "ಏನೇ ಇದು, ತೇಪೆ ಹಾಕಿದೀಯಾ? ಹಳೇದನ್ನ ಅಳತೆಗೆ ಇಟ್ಕೊಂಡ್ಯಾ?" ಎಂದು ನಕ್ಕಿರಿ. ತಮ್ಮ ಅಕ್ಕನವರೂ ಏನೂ ಅರ್ಥವಾಗದೆ ಜೊತೆಗೆ ನಕ್ಕರು. ಚಾಲಕನ ಕಡೆಯ ಆ ಸಂದಿಗೆ ಬಂದಾಗ ಮಾತ್ರ ನಗಲಿಲ್ಲ. ಹೆಬ್ಬೆರಳ ಉಗುರಿನಿಂದ ತುಂಡನ್ನು ಒಮ್ಮೆ ಒತ್ತಿ, ಕೈ ತೆಗೆದು, ಅಂಗಿಗೆ ಒರೆಸಿಕೊಂಡಿರಿ. ಇಸ್ತ್ರಿ ಮಾಡಿದ ಅಂಗಿಗೆ.

ಒಪ್ಪಂದದ ಪ್ರಕಾರ ನಾನು ನನ್ನ ಬರೆಯುವ ಸೀಟಿನಲ್ಲಿ, ಅಕ್ಕನವರು ಚಾಲಕನ ಸೀಟಿನಲ್ಲಿ ಕೂತೆವು. "ನನ್ನ ಸೀರೆ ನೆನೆದ್ರೆ ಇಬ್ಬರನ್ನೂ ಸುಮ್ನೆ ಬಿಡಲ್ಲ" ಎಂದು ಅವರು ಹೇಳುತ್ತಿದ್ದಂತೆ ತಾವು ನೀರು ಬಿಟ್ಟಿರಿ. ಕ್ಯಾನ್ವಾಸಿನ ಮೇಲೆ ಅದರ ಸದ್ದಿಗೆ ಒಳಗೆ ಮಾತು ಕೇಳಿಸುತ್ತಿರಲಿಲ್ಲ. ನನ್ನ ಕಡೆ ತಾವು ಒಂದು ಅಂಗುಲವನ್ನೂ ಬಿಡಲಿಲ್ಲ. ತೇಪೆ ಹಾಕಿದ ಜೋಡಣೆಗೆ ಪೈಪಿನ ಬಾಯಿಯನ್ನು ಬೆರಳಲ್ಲಿ ಒತ್ತಿ, ಹಗೆ ತೀರಿಸಿಕೊಳ್ಳುವವರ ಹಾಗೆ ಹೊಡೆದಿರಿ. ಒಂದು ಹನಿಯೂ ಬರಲಿಲ್ಲ. ಅಲ್ಲಿಯವರೆಗೆ ತಮ್ಮ ನಡತೆಯ ಬಗ್ಗೆ ನನ್ನದು ಯಾವ ಆಕ್ಷೇಪಣೆಯೂ ಇಲ್ಲ.

ಆಮೇಲೆ ಸುತ್ತಿ ಅಕ್ಕನವರ ಕಡೆಗೆ ಬಂದಿರಿ. ಬಾಗಿಲ ಮೇಲೆ ನೀರು ಬಿಟ್ಟಿರಿ, ಹಿಂದಿನ ಚಿಕ್ಕ ಗಾಜಿನ ಮೇಲೆ ಬಿಟ್ಟಿರಿ. ನಡುವಿನ ಆ ಸಂದಿಗೆ ಬಂದಾಗ ಪೈಪನ್ನು ಆಕಾಶಕ್ಕೆ ಎತ್ತಿದಿರಿ. ನೀರು ಕಾರನ್ನು ದಾಟಿ ಕಾಂಪೌಂಡಿನ ಮೇಲೆ ಬಿತ್ತು. ದಾಟಿದ ಮೇಲೆ ಮತ್ತೆ ಇಳಿಸಿದಿರಿ. ಹಿಂದಕ್ಕೆ ಬರುವಾಗಲೂ ಹಾಗೆಯೇ ಮಾಡಿದಿರಿ. ಅಕ್ಕನವರು ತಮ್ಮ ಸೆರಗನ್ನೇ ನೋಡಿಕೊಳ್ಳುತ್ತಿದ್ದರು. ನಾನು ತಮ್ಮ ಕೈಯನ್ನು ನೋಡುತ್ತಿದ್ದೆ. ಒಮ್ಮೆ ತಾವು ಗಾಜಿನೊಳಗೆ ನನ್ನನ್ನು ನೋಡಿದಿರಿ. ನಾನು ನೋಡುತ್ತಿದ್ದೇನೆಂದು ಗೊತ್ತಾಗಿಯೂ ಪೈಪು ಇಳಿಸಲಿಲ್ಲ.

ಬಳಿಕ ನಲ್ಲಿ ನಿಲ್ಲಿಸಿ, "ಆಯ್ತು ಬಿಡಕ್ಕ, ಒಂದು ಹನೀನೂ ಬಂದಿಲ್ಲ. ಗೆದ್ಳು. ಕಾರು ಅವಳದೇ" ಎಂದು, ಚಹಾ ಸಹ ಬೇಡವೆಂದು ಹೊರಟಿರಿ. ಅಕ್ಕನವರು ನನ್ನ ಬೆನ್ನು ತಟ್ಟಿ, "ಸದ್ಯ, ಪೀಡೆ ಕಳೀತು. ಇನ್ನಾದ್ರೂ ನಗಮ್ಮ" ಎಂದರು. ನಾನು ನಗಲಿಲ್ಲ.

ಆದಕಾರಣ ತಮ್ಮನ್ನು ಕೇಳುತ್ತೇನೆ. ನನ್ನ ಮೇಲೆ ಕನಿಕರ ತೋರಿಸುವ ಅಧಿಕಾರವನ್ನು ತಮಗೆ ಕೊಟ್ಟವರು ಯಾರು? ಮನೆಯಲ್ಲಿ ಇದ್ದಷ್ಟು ದಿನ ಒಂದು ವಾದದಲ್ಲೂ ನನಗೆ ಬಿಟ್ಟುಕೊಡದವರು, ಉಪ್ಪು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬುದನ್ನೂ ಅರ್ಧ ದಿನ ಎಳೆದವರು, ನನ್ನ ಹೊಟ್ಟೆಪಾಡಿನ ವಿಷಯ ಬಂದಾಗ ಪೈಪನ್ನು ಆಕಾಶಕ್ಕೆ ಎತ್ತಿಬಿಟ್ಟರೆ ದೊಡ್ಡ ಮನುಷ್ಯರಾಗಿಬಿಡುತ್ತೀರಾ? ಇನ್ನು ಮೇಲೆ ಆ ಸೀಟಿನಲ್ಲಿ ಕೂತು ಬರೆಯುವ ಒಂದೊಂದು ಅರ್ಜಿಯೂ ತಮ್ಮ ಭಿಕ್ಷೆಯೆಂದು ನಾನು ತಿಳಿಯಬೇಕೆ? ತಾವು ನಾಲ್ಕು ಜನರ ಮುಂದೆ ಏನೂ ಹೇಳುವುದಿಲ್ಲವೆಂದು ಬಲ್ಲೆ. ಅದೇ ಇನ್ನೂ ಕೆಟ್ಟದ್ದು. ಹೇಳಿದ್ದರೆ ಉತ್ತರ ಕೊಡಬಹುದಿತ್ತು.

ಇತರರ ಪರವಾಗಿ ದಯೆ ಬೇಡಿ ಬರೆದ ಅರ್ಜಿಗಳಿಗೆ ನನ್ನಲ್ಲಿ ಲೆಕ್ಕವಿಲ್ಲ. ನನ್ನ ಪರವಾಗಿ ಒಂದನ್ನೂ ಬರೆದಿಲ್ಲ, ಇದೂ ಅಂಥದ್ದಲ್ಲ.

ಬರುವ ಭಾನುವಾರ ಬೆಳಿಗ್ಗೆ ತಾವು ಮತ್ತೆ ಬರತಕ್ಕದ್ದು. ಅಕ್ಕನವರನ್ನೂ ಕರೆತರತಕ್ಕದ್ದು. ಚಾಲಕನ ಭುಜದ ಹಿಂದಿನ ಆ ಸಂದಿಗೆ, ಎಡಗಡೆಗೆ ಹೊಡೆದಷ್ಟೇ ಹಗೆಯಿಂದ, ನೀರು ಹೊಡೆಯತಕ್ಕದ್ದು. ನೀರು ಒಳಗೆ ಬಂದರೆ ಅಲ್ಲೇ, ಅಕ್ಕನವರ ಎದುರಿನಲ್ಲೇ, ಕೀಲಿಯನ್ನು ತಮ್ಮ ಕೈಗೆ ಕೊಡುತ್ತೇನೆ, ಮಾತು ಆಡುವುದಿಲ್ಲ. ಬಾರದಿದ್ದರೆ, ತಾವು ಅಂದು ಸುಳ್ಳಾಗಿ ಹೇಳಿದ ಮಾತನ್ನು ನಿಜವಾಗಿ ಹೇಳಿ ಹೋಗತಕ್ಕದ್ದು. ಎರಡರಲ್ಲಿ ಒಂದು. ಮೂರನೆಯದನ್ನು ನನಗೆ ಕೊಡಲು ಬರಬೇಡಿ.

ಇತಿ,
ವಿಶ್ವಾಸ, ವಿಧೇಯತೆ ಎರಡನ್ನೂ ಹೊರತುಪಡಿಸಿ,
ತಮ್ಮ ಎದುರು ಪಕ್ಷದವಳು

ಮರೆತ ಮಾತು: ಆ ಸಂದಿಗೆ ಸೋಮವಾರ ನಾನೇ ನೀರು ಬಿಟ್ಟು ನೋಡಿದೆ. ಒಳಗೆ ನೀರು ಇಳಿಯಲು ಪೈಪು ಬೇಕಾಗಲಿಲ್ಲ, ಒಂದು ಚೊಂಬು ಸಾಕಾಯಿತು. ಅದನ್ನು ತಿಳಿದೇ ಮೇಲಿನದೆಲ್ಲವನ್ನೂ ಬರೆದಿದ್ದೇನೆ, ಬರೆದದ್ದರಲ್ಲಿ ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಕ್ಕನವರನ್ನು ಕರೆತರುವ ಅಗತ್ಯವಿಲ್ಲ. ಚಾಲಕನ ಸೀಟು ಇನ್ನೂ ಆರಿಲ್ಲ. ಕಾರನ್ನು ಓಡಿಸಿಕೊಂಡು ಹೋಗುವವರು ಒಣ ಟವೆಲನ್ನು ತಾವೇ ತರತಕ್ಕದ್ದು.