ವೆಲಾಫಿಗೆ ಬಾಲ್ಕನಿಯ ಕೋಣೆ

ಹಡಗಿನ ಬುಕಿಂಗ್ ಅಧಿಕಾರಿಗಳಿಗೆ,
ಡರ್ಬನ್ ಬಂದರು

ಮಾನ್ಯರೇ,

ಹೆಚ್ಚು ಹಣ ಕೊಟ್ಟರೆ ಒಳಕೋಣೆಯ ಬದಲು ಬಾಲ್ಕನಿಯಿರುವ ಕೋಣೆ ಕೊಡುವುದಾಗಿ ಬರೆದಿದ್ದೀರಿ. ತೆಗೆದುಕೊಳ್ಳುತ್ತೇನೆ. ಆದರೆ ಎರಡು ಹಾಸಿಗೆ, ಎರಡು ಟಿಕೆಟ್ ಬೇಕು. ಎರಡನೆಯದು ನನ್ನ ಮಗ ವೆಲಾಫಿಗೆ. ಹೋದ ವರ್ಷ ಅವನು ನಿಮ್ಮದೇ ಹಡಗಿನಲ್ಲಿ, ಮೊಜಾಂಬಿಕ್ ಸಮುದ್ರದಲ್ಲಿ ತೀರಿಕೊಂಡ. ದೇಹ ಬಂತು, ಹೂಳಿದೆವು. ಆತ್ಮ ಇನ್ನೂ ಅಲ್ಲೇ ಇದೆ. ನಮ್ಮ ಪದ್ಧತಿಯಂತೆ ಮುಳ್ಳುಮರದ ಕೊಂಬೆ ಹಿಡಿದು ಹೋಗಿ, ಅದರ ಮೇಲೆ ಅವನನ್ನು ಕೂರಿಸಿಕೊಂಡು ಮನೆಗೆ ಕರೆತರಬೇಕಾದ ಹಿರಿಯಳು ನಾನೇ.

ನಿಮ್ಮ ಕಚೇರಿಯ ಹುಡುಗಿ ಫೋನಿನಲ್ಲಿ ನಕ್ಕಳು. "ಸತ್ತವ್ರಿಗೂ ಹಾಸಿಗೆ ಬೇಕಾ ಅಜ್ಜಿ?"

"ನಿಮ್ಮನೇಲಿ ಸತ್ತವ್ರನ್ನ ಬಸ್ಸಲ್ಲಿ ನಿಲ್ಲಿಸ್ಕೊಂಡು ಬರ್ತೀರೇನೇ, ಮಗಳೇ?" ಎಂದೆ. ಪತ್ರ ಬರೆದು ಕಳಿಸಿ ಎಂದಳು.

ಕರಿಯರೆಂದು ನಮ್ಮನ್ನು ಈ ಊರಿನ ಕಡಲತೀರಕ್ಕೇ ಬಿಡದ ಕಾಲದಲ್ಲೂ, ಗಣಿಯಲ್ಲಿ ಸತ್ತ ನನ್ನಪ್ಪನಿಗೆ ರೈಲಿನ ಬಿಳಿಯ ಗುಮಾಸ್ತ ಮರುಮಾತಿಲ್ಲದೆ ಟಿಕೆಟ್ ಹರಿದುಕೊಟ್ಟಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ. ನಿಮಗೇನು ಕಷ್ಟ?

ಅವನನ್ನು ಕರೆದುಕೊಂಡು ವಾಪಸು ಬರುವಾಗ, ಪದ್ಧತಿಯಂತೆ, ನಾನು ವೆಲಾಫಿಯೊಬ್ಬನ ಜೊತೆಗೇ ಮಾತಾಡಬೇಕು. ಊಟಕ್ಕೆ ಕರೆದರೂ ಉತ್ತರ ಕೊಡುವುದಿಲ್ಲ, ಸಿಬ್ಬಂದಿಗೆ ತಿಳಿಸಿಡಿ.

ಬಾಲ್ಕನಿಗೆ ಅಷ್ಟು ಹಣ ದಂಡ ಎಂದು ನನ್ನ ತಂಗಿ ಹೇಳುತ್ತಾಳೆ. ವೆಲಾಫಿ ವರ್ಷಗಟ್ಟಲೆ ನಿಮ್ಮ ಹಡಗಿನ ತಳದಲ್ಲಿ ಬಟ್ಟೆ ಒಗೆದ, ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗಿದ. "ಸಮುದ್ರ ಇದೆ ಅಂತ ನಂಗೆ ಬರೀ ಅಲುಗಾಟದಿಂದ ಗೊತ್ತಾಗೋದು, ಅಮ್ಮ" ಎನ್ನುತ್ತಿದ್ದ.

ಹೊರಗಿನ ಕಡೆಯ ಹಾಸಿಗೆ ಅವನ ಹೆಸರಿಗಿರಲಿ.

ಟಿಕೆಟ್‌ಗಳಿಗಾಗಿ ಕಾಯುತ್ತಿರುವ,
ತೆಂಬೆಕಿಲೆ ಎಂಬಾಥಾ
ಕ್ವಾಮಾಶು